ಕ್ಲಿಫ್ ಗ್ಯಾರೆಟ್

ಜಾನ್ ಕ್ಲಿಫರ್ಡ್ ಗ್ಯಾರೆಟ್ (1908–1963) ಅಮೆರಿಕ ಸಂಯುಕ್ತ ಸಂಸ್ಥಾನದ ವೈಮಾನಿಕ ಉದ್ಯಮಿ. ಕ್ಲಿಫ್ ಗ್ಯಾರೆಟ್ ಎಂಬ ಹೆಸರಿನಿಂದಲೇ ಅವರು ಪ್ರಸಿದ್ಧರು. 1936ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಅವರು ಆರಂಭಿಸಿದ ಸಣ್ಣ ಸಂಸ್ಥೆಯು ಮುಂದೆ ಗ್ಯಾರೆಟ್ ಕಾರ್ಪೊರೇಷನ್ ಆಗಿ ಬೆಳೆಯಿತು. ಅದರ ಸಂಶೋಧನ ಮತ್ತು ತಯಾರಿಕಾ ಶಾಖೆಯಾದ ಏರ್‌ರಿಸರ್ಚ್ ವಿಮಾನದೊಳಗಿನ ಗಾಳಿಯ ಒತ್ತಡ, ಉಷ್ಣತೆ ಮತ್ತು ಹರಿವನ್ನು ನಿಯಂತ್ರಿಸುವ ಯಂತ್ರಗಳಿಗೆ ಹೆಸರಾಯಿತು. ಪ್ರಯಾಣಿಕ ವಿಮಾನವು ನಿಲ್ದಾಣದಲ್ಲಿ ಹೊರಗಿನ ನೆರವಿಲ್ಲದೆ ತನ್ನ ಎಂಜಿನ್‌ಗಳನ್ನು ತಾನೇ ಚಾಲನೆಗೊಳಿಸಿಕೊಳ್ಳಲು ಮತ್ತು ಒಳಗೆ ಕುಳಿತವರಿಗೆ ತಂಪು ಗಾಳಿ ಒದಗಿಸಲು ನೆರವಾಗುವ ಸಹಾಯಕ ಶಕ್ತಿ ಘಟಕದ ಬೆಳವಣಿಗೆಯಲ್ಲಿ ಈ ಸಂಸ್ಥೆಯ ಪಾತ್ರ ಹಿರಿದು. ಗ್ಯಾರೆಟ್ ಅವರು ಪ್ರಯೋಗಶಾಲೆಯ ಸಂಶೋಧಕರಾಗಿ ಅಲ್ಲ, ಸಂಶೋಧಕರನ್ನು ಒಂದೆಡೆ ಸೇರಿಸಿ ಉದ್ಯಮವನ್ನು ಕಟ್ಟಿದವರಾಗಿ ಖ್ಯಾತರಾದರು.

ಆರಂಭಿಕ ವೃತ್ತಿಜೀವನ

ಗ್ಯಾರೆಟ್ ಅವರು ಹುಟ್ಟಿದಾಗ ರೈಟ್ ಸಹೋದರರ ಮೊದಲ ಹಾರಾಟ ನಡೆದು ಐದು ವರ್ಷಗಳಷ್ಟೇ ಕಳೆದಿದ್ದವು. ಅವರು ಯೌವನಕ್ಕೆ ಬರುವ ವೇಳೆಗೆ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ರಾಜ್ಯವು ವಿಮಾನ ತಯಾರಿಕೆಯ ನೆಲೆಯಾಗಿ ರೂಪುಗೊಳ್ಳುತ್ತಿತ್ತು. ವರ್ಷದ ಬಹುಭಾಗ ಮೋಡವಿಲ್ಲದ ಆಕಾಶ, ಮಿತವಾದ ಚಳಿ ಮತ್ತು ವಿಶಾಲವಾದ ಬಯಲು ಈ ಉದ್ಯಮಕ್ಕೆ ಅನುಕೂಲವಾಗಿದ್ದವು. ಗ್ಯಾರೆಟ್ ಅವರು 1920ರ ದಶಕದ ಕೊನೆಯ ಭಾಗದಲ್ಲಿ ಲಾಕ್‌ಹೀಡ್ ಸಂಸ್ಥೆಯಲ್ಲಿ ಚಿಕ್ಕ ಹುದ್ದೆಯೊಂದಕ್ಕೆ ಸೇರಿದರು. ಬಳಿಕ ಹೆಸರಾಂತ ವಿಮಾನ ವಿನ್ಯಾಸಕಾರ ಜಾಕ್ ನಾರ್ತ್‌ರಪ್ ಅವರ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು.

ಅಂದಿನ ವಿಮಾನ ಕಾರ್ಖಾನೆಗಳಿಗೆ ಬೇಕಾದ ಉಪಕರಣಗಳು ಹಾಗೂ ಬಿಡಿಭಾಗಗಳಲ್ಲಿ ಬಹಳಷ್ಟು ದೇಶದ ಪೂರ್ವ ಭಾಗದಲ್ಲಿ ತಯಾರಾಗುತ್ತಿದ್ದವು. ಅವು ಸಾವಿರಾರು ಕಿಲೋಮೀಟರ್ ದೂರದ ಪಶ್ಚಿಮ ಕರಾವಳಿಯನ್ನು ತಲುಪಬೇಕಾಗಿತ್ತು. ಈ ಅಂತರದಲ್ಲಿ ಗ್ಯಾರೆಟ್ ಅವರು ವ್ಯಾಪಾರದ ಅವಕಾಶವನ್ನು ಕಂಡರು. 1936ರಲ್ಲಿ ಲಾಸ್ ಏಂಜಲೀಸ್‌ನ ಒಂದೇ ಕೊಠಡಿಯ ಕಚೇರಿಯಲ್ಲಿ ಏರ್‌ಕ್ರಾಫ್ಟ್ ಟೂಲ್ ಅಂಡ್ ಸಪ್ಲೈ ಕಂಪನಿ ಎಂಬ ಸಂಸ್ಥೆಯನ್ನು ತೆರೆದರು. ದೂರದ ತಯಾರಕರ ಸಾಮಗ್ರಿಗಳನ್ನು ಸ್ಥಳೀಯ ವಿಮಾನ ಕಾರ್ಖಾನೆಗಳಿಗೆ ಒದಗಿಸುವುದು ಅದರ ಕೆಲಸವಾಗಿತ್ತು. ಡಗ್ಲಸ್ ಸಂಸ್ಥೆಯ ಡಿಸಿ-3 ವಿಮಾನವು 1935ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ಹಾರಿದ್ದು, ಪ್ರಯಾಣಿಕ ವಿಮಾನಯಾನವು ಲಾಭದಾಯಕ ಉದ್ಯಮವಾಗಬಲ್ಲದು ಎಂಬ ವಿಶ್ವಾಸ ಮೂಡುತ್ತಿದ್ದ ಕಾಲವದು.

ಏರ್‌ರಿಸರ್ಚ್ ಸ್ಥಾಪನೆ

ಸಾಮಗ್ರಿಗಳ ಸರಬರಾಜಿನಲ್ಲಿ ನೆಲೆ ಕಂಡುಕೊಂಡ ಗ್ಯಾರೆಟ್ ಅವರು ಅಲ್ಲಿಗೇ ನಿಲ್ಲಲಿಲ್ಲ. 1939ರಲ್ಲಿ ಏರ್‌ರಿಸರ್ಚ್ ಎಂಬ ಸಣ್ಣ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಅತಿ ಎತ್ತರದಲ್ಲಿ ಹಾರುವ ವಿಮಾನಗಳಲ್ಲಿ ಗಾಳಿಯ ಒತ್ತಡವನ್ನು ಕಾಪಾಡುವ ಸಾಧನಗಳ ಅಧ್ಯಯನ ಅದರ ಮುಖ್ಯ ಉದ್ದೇಶವಾಗಿತ್ತು.

ಎತ್ತರಕ್ಕೆ ಏರಿದಷ್ಟೂ ಗಾಳಿ ವಿರಳವಾಗುತ್ತದೆ. ಇದರಿಂದ ಎಂಜಿನ್ ಮತ್ತು ಮನುಷ್ಯ ಇಬ್ಬರಿಗೂ ತೊಂದರೆಯಾಗುತ್ತದೆ. ಎಂಜಿನ್‌ಗೆ ಸಾಕಷ್ಟು ಗಾಳಿ ಸಿಗಬೇಕಾದರೆ ಅದನ್ನು ಸಂಪೀಡಕದಿಂದ ಒತ್ತಿ ಕಳುಹಿಸಬೇಕು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಚಕ್ರಕ್ಕೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದು ಇದೇ ಕಾರಣದಿಂದ. ಬಿಸಿ ಗಾಳಿಯನ್ನು ಹಾಗೆಯೇ ಎಂಜಿನ್‌ಗೆ ಬಿಟ್ಟರೆ ಅದರ ಶಕ್ತಿ ಕುಂದುತ್ತದೆ, ಇಂಧನವು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಅಪಾಯವೂ ಇರುತ್ತದೆ. ಆದುದರಿಂದ ಒತ್ತಿದ ಗಾಳಿಯನ್ನು ಹೊರಗಿನ ತಣ್ಣನೆಯ ಗಾಳಿಯ ನೆರವಿನಿಂದ ತಂಪುಗೊಳಿಸುವ ಇಂಟರ್‌ಕೂಲರ್ ಎಂಬ ಸಾಧನ ಅಗತ್ಯವಾಯಿತು. ಏರ್‌ರಿಸರ್ಚ್ ಸಂಸ್ಥೆಯ ಮೊದಲ ಪ್ರಮುಖ ಉತ್ಪನ್ನವು ಸಂಪೂರ್ಣವಾಗಿ ಅಲ್ಯೂಮಿನಿಯಂನಿಂದ ತಯಾರಿಸಿದ ಇಂತಹ ಇಂಟರ್‌ಕೂಲರ್ ಆಗಿತ್ತು. ಹಗುರವಾದ ಈ ಸಾಧನವು ಬೋಯಿಂಗ್ ಸಂಸ್ಥೆಯ ಬಿ-17 ಬಾಂಬರ್ ವಿಮಾನಗಳಲ್ಲಿ ಬಳಕೆಗೆ ಬಂದಿತು.

ಗಾಳಿಯನ್ನು ಒತ್ತುವುದು, ತಂಪುಗೊಳಿಸುವುದು ಮತ್ತು ಬೇಕಾದೆಡೆಗೆ ಅಳೆದು ಹರಿಸುವುದು ಎಂಬ ಮೂರು ಕೆಲಸಗಳು ಗ್ಯಾರೆಟ್ ಅವರ ಉದ್ಯಮದ ತಿರುಳಾದವು. ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಅವರ ಬಹುಪಾಲು ಸಾಧನೆಗಳನ್ನು ಈ ಮೂರು ಕೆಲಸಗಳ ವಿಸ್ತರಣೆಯೆಂದೇ ಹೇಳಬಹುದು.

ಎರಡನೆಯ ಮಹಾಯುದ್ಧದ ಕಾಲ

ಎರಡನೆಯ ಮಹಾಯುದ್ಧವು ಏರ್‌ರಿಸರ್ಚ್ ಸಂಸ್ಥೆಯನ್ನು ಕೆಲವೇ ವರ್ಷಗಳಲ್ಲಿ ದೊಡ್ಡ ಕಾರ್ಖಾನೆಯನ್ನಾಗಿ ಬೆಳೆಸಿತು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಬಳಿ ತಯಾರಿಕಾ ಘಟಕ ತಲೆ ಎತ್ತಿತು. ಕರಾವಳಿಯಿಂದ ದೂರವಿರುವ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿಯೂ ಯುದ್ಧಕಾಲದಲ್ಲಿ ಇನ್ನೊಂದು ಘಟಕ ಆರಂಭವಾಯಿತು.

ಈ ಅವಧಿಯ ಮುಖ್ಯ ಸಾಧನೆ ಬಿ-29 ಸೂಪರ್‌ಫೋರ್ಟ್ರೆಸ್ ಬಾಂಬರ್ ವಿಮಾನದ ಒತ್ತಡ ನಿಯಂತ್ರಣ ವ್ಯವಸ್ಥೆ. 1942ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಹಾರಿದ ಈ ವಿಮಾನವು, ಸಿಬ್ಬಂದಿಯ ಕೋಣೆಗಳಲ್ಲಿ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆಯೊಂದಿಗೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಬಾಂಬರ್. ವಿಮಾನವು 30,000 ಅಡಿ ಎತ್ತರದಲ್ಲಿದ್ದರೂ ಒಳಗಿನ ಒತ್ತಡವು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಉಳಿಯುತ್ತಿತ್ತು. ಎಂಜಿನ್‌ಗಳ ಸಂಪೀಡಕಗಳಿಂದ ಗಾಳಿಯನ್ನು ಒಳಗೆ ತಂದು, ಹೊರಹೋಗುವ ಗಾಳಿಯ ಪ್ರಮಾಣವನ್ನು ಕವಾಟಗಳಿಂದ ನಿಯಂತ್ರಿಸುವುದು ಇದರ ತತ್ತ್ವ. ಆ ನಿಯಂತ್ರಣದ ಉಪಕರಣಗಳನ್ನು ಏರ್‌ರಿಸರ್ಚ್ ಒದಗಿಸಿತು.

ಈ ತಂತ್ರಜ್ಞಾನದ ಮೊದಲ ದೊಡ್ಡ ಬಳಕೆ ಯುದ್ಧಕ್ಕಾಗಿಯೇ ನಡೆಯಿತೆಂಬುದನ್ನು ಮರೆಯುವಂತಿಲ್ಲ. ಜಪಾನಿನ ನಗರಗಳ ಮೇಲೆ ಬೆಂಕಿಬಾಂಬುಗಳನ್ನು ಸುರಿಸಿದ್ದೂ, 1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಮತ್ತು ನಾಗಸಾಕಿಗಳ ಮೇಲೆ ಅಣುಬಾಂಬು ಹಾಕಿದ್ದೂ ಬಿ-29 ವಿಮಾನಗಳೇ. ಎತ್ತರದಲ್ಲಿ ಮನುಷ್ಯನ ಉಸಿರನ್ನು ಕಾಪಾಡಲು ರೂಪಿಸಿದ ವ್ಯವಸ್ಥೆಯು ಕೆಳಗಿದ್ದ ಅಸಂಖ್ಯ ಮನುಷ್ಯರ ಉಸಿರನ್ನು ನಿಲ್ಲಿಸಿದ ವಿಮಾನದ ಭಾಗವಾಗಿತ್ತು. ಯುದ್ಧಾನಂತರದಲ್ಲಿ ಅದೇ ವ್ಯವಸ್ಥೆಯು ಸಾಮಾನ್ಯ ಪ್ರಯಾಣಿಕರು ಮೋಡಗಳಿಗಿಂತ ಮೇಲೆ ನೆಮ್ಮದಿಯಿಂದ ಪಯಣಿಸಲು ದಾರಿ ಮಾಡಿಕೊಟ್ಟಿತು.

ತಂಪು ನೀಡುವ ಟರ್ಬೈನ್

ಜೆಟ್ ವಿಮಾನಗಳು ಬಂದಾಗ ಹೊಸ ಸಮಸ್ಯೆ ಎದುರಾಯಿತು. ಜೆಟ್ ಎಂಜಿನ್ನಿನ ಸಂಪೀಡಕದಲ್ಲಿ ಒತ್ತಿದ ಗಾಳಿ ಯಥೇಚ್ಛವಾಗಿ ದೊರೆಯುತ್ತಿತ್ತು. ಆದರೆ ಅದು ಮನುಷ್ಯರು ಸಹಿಸಲಾರದಷ್ಟು ಬಿಸಿಯಾಗಿರುತ್ತಿತ್ತು. ಮನೆಗಳಲ್ಲಿ ಬಳಸುವಂತಹ ಶೀತಲೀಕರಣ ಯಂತ್ರವು ವಿಮಾನಕ್ಕೆ ಭಾರವಾಗುತ್ತಿತ್ತು. ಏರ್‌ರಿಸರ್ಚ್‌ನ ಎಂಜಿನಿಯರುಗಳು ಗಾಳಿಯಿಂದಲೇ ಗಾಳಿಯನ್ನು ತಂಪುಗೊಳಿಸುವ ಟರ್ಬೈನ್ ಅನ್ನು ಅಭಿವೃದ್ಧಿಪಡಿಸಿದರು. ಯುದ್ಧ ಮುಗಿಯುವ ವೇಳೆಗೆ ಅದನ್ನು ಲಾಕ್‌ಹೀಡ್ ಸಂಸ್ಥೆಯ ಪಿ-80 ಶೂಟಿಂಗ್ ಸ್ಟಾರ್ ಜೆಟ್ ಯುದ್ಧವಿಮಾನಕ್ಕಾಗಿ ರೂಪಿಸಲಾಯಿತು.

ಇದರ ಕಾರ್ಯವಿಧಾನ ಸರಳವಾದ ಭೌತಶಾಸ್ತ್ರದ ನಿಯಮವನ್ನು ಆಧರಿಸಿದೆ. ಒತ್ತಿದ ಗಾಳಿ ಬಿಸಿಯಾಗುವಂತೆ, ಹಿಗ್ಗುತ್ತಾ ಕೆಲಸ ಮಾಡುವ ಗಾಳಿ ತಂಪಾಗುತ್ತದೆ. ಎಂಜಿನ್‌ನಿಂದ ಪಡೆದ ಬಿಸಿ ಗಾಳಿಯನ್ನು ಮೊದಲು ಶಾಖ ವಿನಿಮಯಕದ ಮೂಲಕ ಹಾಯಿಸಿ ಅದರ ಬಿಸಿಯ ಒಂದು ಭಾಗವನ್ನು ಹೊರಗಿನ ಗಾಳಿಗೆ ಬಿಟ್ಟುಕೊಡಲಾಗುತ್ತದೆ. ಅನಂತರ ಆ ಗಾಳಿ ಸಣ್ಣ ಟರ್ಬೈನ್ ಚಕ್ರವನ್ನು ರಭಸದಿಂದ ತಿರುಗಿಸುತ್ತಾ ಹಿಗ್ಗುತ್ತದೆ. ಚಕ್ರವನ್ನು ತಿರುಗಿಸಲು ತನ್ನ ಶಕ್ತಿಯನ್ನು ವ್ಯಯಿಸಿದ ಗಾಳಿಯ ಉಷ್ಣತೆ ತೀವ್ರವಾಗಿ ಇಳಿಯುತ್ತದೆ. ಹೀಗೆ ಶೀತಕ ರಾಸಾಯನಿಕಗಳ ಅಗತ್ಯವೇ ಇಲ್ಲದೆ ತಂಪು ದೊರೆಯುತ್ತದೆ. ಇಂತಹ ಟರ್ಬೈನ್, ಶಾಖ ವಿನಿಮಯಕಗಳು ಮತ್ತು ಕವಾಟಗಳನ್ನು ಒಟ್ಟುಗೂಡಿಸಿದ ಹವಾನಿಯಂತ್ರಣ ಘಟಕವನ್ನು ವೈಮಾನಿಕ ಪರಿಭಾಷೆಯಲ್ಲಿ ಪ್ಯಾಕ್ ಎಂದು ಕರೆಯುತ್ತಾರೆ. ಇಂದಿಗೂ ಬಹುಪಾಲು ಜೆಟ್ ಪ್ರಯಾಣಿಕ ವಿಮಾನಗಳಲ್ಲಿ ಇದೇ ತತ್ತ್ವ ಬಳಕೆಯಲ್ಲಿದೆ.

ಸಣ್ಣ ಅನಿಲ ಟರ್ಬೈನ್‌ಗಳು

ಒತ್ತಿದ ಗಾಳಿಗೆ ಜೆಟ್ ವಿಮಾನದಲ್ಲಿ ಇನ್ನೊಂದು ಉಪಯೋಗವೂ ಇತ್ತು. ದೊಡ್ಡ ಜೆಟ್ ಎಂಜಿನ್ ತಾನಾಗಿ ಚಾಲನೆಗೊಳ್ಳುವುದಿಲ್ಲ. ಇಂಧನ ಹೊತ್ತಿಸುವ ಮೊದಲು ಅದರ ಭಾರವಾದ ಸಂಪೀಡಕವನ್ನು ಹೊರಗಿನ ಬಲದಿಂದ ವೇಗವಾಗಿ ತಿರುಗಿಸಬೇಕು. ಇದಕ್ಕಾಗಿ ವಿದ್ಯುತ್ ಮೋಟಾರು ಬಳಸಿದರೆ ಮೋಟಾರು ಮತ್ತು ಬ್ಯಾಟರಿಗಳ ಭಾರ ಹೆಚ್ಚುತ್ತದೆ. ಒತ್ತಿದ ಗಾಳಿಯಿಂದ ತಿರುಗುವ ಸಣ್ಣ ಟರ್ಬೈನ್ ಸ್ಟಾರ್ಟರ್ ಹಗುರವಾಗಿದ್ದು ಬಲಶಾಲಿಯೂ ಆಗಿರುತ್ತದೆ. ಆದರೆ ಎಂಜಿನ್‌ಗಳು ಇನ್ನೂ ನಿಂತಿರುವಾಗ ಆ ಗಾಳಿಯನ್ನು ಎಲ್ಲಿಂದ ತರಬೇಕು ಎಂಬುದು ಪ್ರಶ್ನೆಯಾಗಿತ್ತು.

ಇದಕ್ಕೆ ಉತ್ತರವಾಗಿ ಗ್ಯಾರೆಟ್ ಅವರ ಸಂಸ್ಥೆಯು 1940ರ ದಶಕದಲ್ಲಿ ಸಣ್ಣ ಅನಿಲ ಟರ್ಬೈನ್‌ಗಳ ವಿನ್ಯಾಸವನ್ನು ಕೈಗೆತ್ತಿಕೊಂಡಿತು. ಮುಖ್ಯ ಎಂಜಿನ್‌ನಂತೆ ವಿಮಾನವನ್ನು ಮುಂದಕ್ಕೆ ತಳ್ಳುವುದು ಈ ಟರ್ಬೈನ್‌ನ ಕೆಲಸವಲ್ಲ. ಒತ್ತಿದ ಗಾಳಿಯನ್ನು ಮತ್ತು ವಿದ್ಯುತ್ತನ್ನು ಒದಗಿಸುವುದಷ್ಟೇ ಅದರ ಕೆಲಸ. ಮೊದಲ ಹಂತದಲ್ಲಿ ಅಮೆರಿಕದ ನೌಕಾಪಡೆಗಾಗಿ ಕಾನ್ವೇರ್ ಸಂಸ್ಥೆ ತಯಾರಿಸುತ್ತಿದ್ದ ಹಾರುದೋಣಿಗೆ ಇಂತಹ ಘಟಕವನ್ನು ರೂಪಿಸಲಾಯಿತು. ಗಾತ್ರ ಕಿರಿದಾದಂತೆ ಟರ್ಬೈನ್ ಅತಿ ಹೆಚ್ಚಿನ ವೇಗದಲ್ಲಿ ತಿರುಗಬೇಕಾಗುತ್ತದೆ. ಆ ವೇಗಕ್ಕೂ ಉಷ್ಣತೆಗೂ ತಡೆದುಕೊಳ್ಳುವ ಲೋಹ, ಬೇರಿಂಗ್ ಮತ್ತು ಗಾಳಿ ಸೋರದ ಮುದ್ರೆಗಳನ್ನು ಸಾಧಿಸಲು ಎಂಜಿನಿಯರುಗಳು ಹಲವು ವರ್ಷ ಶ್ರಮಿಸಿದರು. ಯುದ್ಧದ ಬೇಡಿಕೆ ಇಲ್ಲವಾಗಿ ವೈಮಾನಿಕ ಉದ್ಯಮವೇ ಕುಗ್ಗಿದ್ದ ದಿನಗಳಲ್ಲಿಯೂ ಗ್ಯಾರೆಟ್ ಅವರು ಈ ಸಂಶೋಧನೆಗೆ ಬೆಂಬಲವನ್ನು ಮುಂದುವರಿಸಿದರು.

1950ರ ದಶಕದ ಆರಂಭದಲ್ಲಿ ಫೀನಿಕ್ಸ್ ಘಟಕ ಪುನಃ ತೆರೆದು, ಸಣ್ಣ ಟರ್ಬೈನ್‌ಗಳ ತಯಾರಿಕೆಯ ಕೇಂದ್ರವಾಯಿತು. ಅಲ್ಲಿಂದ ಹೊರಬಂದ 85 ಸರಣಿಯ ಟರ್ಬೈನ್ ಬಹಳ ಯಶಸ್ಸು ಕಂಡಿತು. ಎರಡು ಹಂತಗಳ ಅಪಕೇಂದ್ರ ಸಂಪೀಡಕ ಮತ್ತು ಒಂದೇ ಟರ್ಬೈನ್ ಚಕ್ರವುಳ್ಳ ಈ ಯಂತ್ರ ನಿಮಿಷಕ್ಕೆ ಸುಮಾರು 40,000 ಸುತ್ತು ತಿರುಗುತ್ತಿತ್ತು. ಮೊದಲಿಗೆ ಇದು ನೆಲದ ಮೇಲಿನ ಗಾಡಿಗಳಲ್ಲಿ ಮತ್ತು ಸೈನಿಕ ಸಾಗಣೆ ವಿಮಾನಗಳಲ್ಲಿ ಬಳಕೆಯಾಯಿತು.

ಬೋಯಿಂಗ್ 727 ಮತ್ತು ಸಹಾಯಕ ಶಕ್ತಿ ಘಟಕ

1958ರಲ್ಲಿ ಸೇವೆ ಆರಂಭಿಸಿದ ಬೋಯಿಂಗ್ 707ರಂತಹ ಮೊದಲ ಪೀಳಿಗೆಯ ದೊಡ್ಡ ಜೆಟ್ ವಿಮಾನಗಳು ನಿಲ್ದಾಣದಲ್ಲಿ ನೆಲದ ಸೌಲಭ್ಯಗಳನ್ನೇ ಅವಲಂಬಿಸಿದ್ದವು. ಎಂಜಿನ್ ಚಾಲನೆಗೆ ಒತ್ತಿದ ಗಾಳಿಯ ಗಾಡಿ, ವಿದ್ಯುತ್ತಿಗೆ ಜನರೇಟರ್ ಗಾಡಿ, ತಂಪಿಗೆ ಹವಾನಿಯಂತ್ರಣದ ಗಾಡಿ ಹೀಗೆ ಹಲವು ವಾಹನಗಳು ವಿಮಾನದ ಸುತ್ತ ನಿಲ್ಲಬೇಕಾಗಿತ್ತು. ದೊಡ್ಡ ನಗರಗಳಲ್ಲಿ ಇದು ಸಾಧ್ಯವಿತ್ತು. ಸಣ್ಣ ಪಟ್ಟಣಗಳ ನಿಲ್ದಾಣಗಳಲ್ಲಿ ಇಂತಹ ಸೌಲಭ್ಯಗಳು ಇರುತ್ತಿರಲಿಲ್ಲ. ಆದುದರಿಂದ ಜೆಟ್ ಯುಗದ ಪ್ರಯೋಜನ ಆ ಊರುಗಳಿಗೆ ತಲುಪುವುದು ಕಷ್ಟವಾಗಿತ್ತು.

ಮೂರು ಎಂಜಿನ್‌ಗಳ ಬೋಯಿಂಗ್ 727 ವಿಮಾನವನ್ನು ಸಣ್ಣ ನಿಲ್ದಾಣಗಳನ್ನೂ ಗಮನದಲ್ಲಿಟ್ಟುಕೊಂಡು ವಿನ್ಯಾಸಗೊಳಿಸಲಾಯಿತು. ಅನಿಲ ಟರ್ಬೈನ್‌ನ ಸಹಾಯಕ ಶಕ್ತಿ ಘಟಕವನ್ನು ತನ್ನೊಳಗೇ ಹೊತ್ತ ಮೊದಲ ಜೆಟ್ ಪ್ರಯಾಣಿಕ ವಿಮಾನವೆಂದು ಅದು ಪ್ರಸಿದ್ಧವಾಗಿದೆ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದ ಎಪಿಯು ಎಂದು ಕರೆಯಲಾಗುವ ಈ ಘಟಕವು ಗ್ಯಾರೆಟ್ ಸಂಸ್ಥೆಯ 85 ಸರಣಿಗೆ ಸೇರಿದ್ದಾಗಿತ್ತು. ಇಂದಿನ ವಿಮಾನಗಳಲ್ಲಿ ಈ ಘಟಕ ಸಾಮಾನ್ಯವಾಗಿ ಬಾಲದ ತುದಿಯಲ್ಲಿರುತ್ತದೆ. 727ರ ಬಾಲದಲ್ಲಿ ಒಂದು ಎಂಜಿನ್ ಇದ್ದುದರಿಂದ ಘಟಕವನ್ನು ಮುಖ್ಯ ಚಕ್ರಗಳ ಗೂಡಿನ ನಡುವೆ ಅಳವಡಿಸಲಾಗಿತ್ತು. ಅದನ್ನು ನೆಲದ ಮೇಲೆ ಮಾತ್ರ ನಡೆಸಬಹುದಾಗಿತ್ತು. ವಿಮಾನದ ಮೊದಲ ಹಾರಾಟವು 1963ರ ಫೆಬ್ರುವರಿ 9ರಂದು ನಡೆಯಿತು.

ಎಂಜಿನ್ ಚಾಲನೆಯ ವೇಳೆ ಕೋಣೆಯ ಹವಾನಿಯಂತ್ರಣ

ಗ್ಯಾರೆಟ್ ಅವರ ಸಂಸ್ಥೆ ಬೆಳೆಸಿದ ತಂಪು ಟರ್ಬೈನ್, ಗಾಳಿ ಸ್ಟಾರ್ಟರ್ ಮತ್ತು ಸಹಾಯಕ ಶಕ್ತಿ ಘಟಕಗಳು ಒಂದೇ ವಿಮಾನದಲ್ಲಿ ಸೇರಿದಾಗ ಅವುಗಳ ನಡುವೆ ಗಾಳಿಯ ಹಂಚಿಕೆಯ ಪ್ರಶ್ನೆ ಎದುರಾಯಿತು. ಪ್ರಯಾಣಿಕರು ಗಮನಿಸಬಹುದಾದ ಒಂದು ಸಾಮಾನ್ಯ ಅನುಭವ ಇದರ ಫಲ.

ಪ್ರಯಾಣಿಕರು ವಿಮಾನವನ್ನು ಏರುತ್ತಿರುವಾಗ ಮುಖ್ಯ ಎಂಜಿನ್‌ಗಳು ನಿಂತಿರುತ್ತವೆ. ಸಹಾಯಕ ಶಕ್ತಿ ಘಟಕ ಒದಗಿಸುವ ಒತ್ತಿದ ಗಾಳಿ ಪ್ಯಾಕ್‌ಗಳ ಮೂಲಕ ಹಾದು ತಂಪಾಗಿ ಒಳಗೆ ಬರುತ್ತದೆ. ನೂರಾರು ಜನರ ದೇಹದ ಶಾಖ, ದೀಪಗಳು ಹಾಗೂ ಉಪಕರಣಗಳ ಶಾಖ ಮತ್ತು ಬಿಸಿಲಿಗೆ ಕಾದ ಲೋಹದ ಹೊರಮೈಯ ಶಾಖ ಇವೆಲ್ಲವನ್ನೂ ಆ ಗಾಳಿ ಹೊರಗೆ ಸಾಗಿಸಬೇಕು. ಎಂಜಿನ್‌ಗಳನ್ನು ಚಾಲನೆಗೊಳಿಸುವ ಹೊತ್ತು ಬಂದಾಗ ಅದೇ ಗಾಳಿ ಸ್ಟಾರ್ಟರ್‌ಗೂ ಬೇಕಾಗುತ್ತದೆ. ಸಣ್ಣ ಟರ್ಬೈನ್ ಎರಡಕ್ಕೂ ಏಕಕಾಲದಲ್ಲಿ ಸಾಲುವಷ್ಟು ಗಾಳಿಯನ್ನು ಕೊಡಲಾರದು. ಆದುದರಿಂದ ಚಾಲನೆಗೆ ಮುನ್ನ ಪ್ಯಾಕ್‌ಗಳನ್ನು ಮುಚ್ಚಲಾಗುತ್ತದೆ. ಆಗ ಕೊಳವೆಯಲ್ಲಿ ಒತ್ತಡ ಏರುತ್ತದೆ, ಸ್ಟಾರ್ಟರಿನ ಕವಾಟ ತೆರೆಯುತ್ತದೆ, ಎಂಜಿನ್ ತಿರುಗಲಾರಂಭಿಸುತ್ತದೆ. ತಲೆಯ ಮೇಲಿನ ರಂಧ್ರಗಳಿಂದ ಬರುತ್ತಿದ್ದ ಗಾಳಿಯ ಸದ್ದು ಇದ್ದಕ್ಕಿದ್ದಂತೆ ನಿಂತು, ಕೋಣೆ ಕೆಲಹೊತ್ತು ನಿಶ್ಶಬ್ದವಾಗುವುದು ಇದರಿಂದಲೇ.

ಹವಾನಿಯಂತ್ರಣವನ್ನು ನಿಲ್ಲಿಸದೆ ಎಂಜಿನ್ ಚಾಲನೆಗೆ ತೊಡಗಿದರೆ ಅಪಾಯವಿದೆ. ಸ್ಟಾರ್ಟರ್‌ಗೆ ತಲುಪುವ ಒತ್ತಡ ಕುಸಿದು ಎಂಜಿನ್ ನಿಧಾನವಾಗಿ ತಿರುಗುತ್ತದೆ. ಅದರ ಮೂಲಕ ಹರಿಯುವ ಗಾಳಿ ಕಡಿಮೆಯಾಗಿರುವಾಗಲೇ ಇಂಧನ ಹೊತ್ತಿಕೊಂಡರೆ ಒಳಗಿನ ಉಷ್ಣತೆ ಮಿತಿಯನ್ನು ಮೀರಿ ಟರ್ಬೈನ್‌ನ ಅಲಗುಗಳಿಗೆ ಹಾನಿಯಾಗಬಹುದು. ಇದನ್ನು ಹಾಟ್ ಸ್ಟಾರ್ಟ್ ಎನ್ನುತ್ತಾರೆ. ಎಂಜಿನ್ ಸ್ವಯಂಚಾಲನೆಯ ವೇಗವನ್ನು ತಲುಪದೆ ನಡುವೆಯೇ ತೊಡಕಿಕೊಳ್ಳುವುದೂ ಉಂಟು. ಪ್ರಯಾಣಿಕರ ಒಂದೆರಡು ನಿಮಿಷಗಳ ಸೆಕೆಗಿಂತ ಎಂಜಿನ್‌ನ ಸುರಕ್ಷತೆ ಮುಖ್ಯ ಎಂಬುದು ಈ ಕ್ರಮದ ಹಿಂದಿನ ತರ್ಕ.

ಬೇಸಿಗೆಯಲ್ಲಿ ಈ ಸಮಸ್ಯೆ ಇಮ್ಮಡಿಯಾಗುತ್ತದೆ. ಬಿಸಿಯಾದ ಗಾಳಿ ವಿರಳವಾಗಿರುವುದರಿಂದ ಸಹಾಯಕ ಶಕ್ತಿ ಘಟಕದ ಸಾಮರ್ಥ್ಯ ಕುಗ್ಗುತ್ತದೆ. ತಂಪಿನ ಅಗತ್ಯ ಅತಿ ಹೆಚ್ಚಾಗಿರುವ ದಿನವೇ ಗಾಳಿಯ ಪೂರೈಕೆ ಅತಿ ಕಡಿಮೆಯಾಗಿರುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ನಿಲ್ದಾಣಗಳಲ್ಲಿಯೂ ಹೀಗೆಯೇ ಆಗುತ್ತದೆ. ಇದಕ್ಕೆ ಪರಿಹಾರವಾಗಿ ಪ್ರಯಾಣಿಕರು ಏರುವ ಮೊದಲೇ ಕೋಣೆಯನ್ನು ಚೆನ್ನಾಗಿ ತಂಪುಗೊಳಿಸಿ, ಕಿಟಕಿಗಳ ಪರದೆಗಳನ್ನು ಇಳಿಸಿ, ಪ್ಯಾಕ್‌ಗಳು ಮುಚ್ಚಿರುವ ಅವಧಿಯನ್ನು ಆದಷ್ಟು ಕಿರಿದಾಗಿಸುವುದು ರೂಢಿಯಲ್ಲಿದೆ. ಒಂದು ಎಂಜಿನ್ ಚಾಲನೆಗೊಂಡ ಬಳಿಕ ಅದರಿಂದಲೇ ಗಾಳಿಯನ್ನು ಪಡೆದು ಮತ್ತೊಂದನ್ನು ಚಾಲನೆಗೊಳಿಸುವ ವಿಧಾನವೂ ಇದೆ. ಎಲ್ಲ ಎಂಜಿನ್‌ಗಳು ಸ್ಥಿರವಾಗಿ ನಡೆಯತೊಡಗಿದ ಮೇಲೆ ಪ್ಯಾಕ್‌ಗಳನ್ನು ತೆರೆಯಲಾಗುತ್ತದೆ, ತಂಪು ಗಾಳಿ ಮರಳಿ ಬರುತ್ತದೆ.

727ರಂತಹ ವಿಮಾನಗಳಲ್ಲಿ ಪ್ಯಾಕ್‌ಗಳನ್ನು ಮುಚ್ಚಿ ತೆರೆಯುವುದು ಫ್ಲೈಟ್ ಎಂಜಿನಿಯರ್ ಅವರ ಕೆಲಸವಾಗಿತ್ತು. ಮುಂದೆ ಬಂದ ಏರ್‌ಬಸ್ ಎ320ರಂತಹ ವಿಮಾನಗಳಲ್ಲಿ ಎಂಜಿನ್ ಚಾಲನೆಯ ವೇಳೆ ಪ್ಯಾಕ್‌ಗಳ ಕವಾಟಗಳು ತಾವಾಗಿಯೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆ.

ಇತರ ಕ್ಷೇತ್ರಗಳು

ಸಣ್ಣ ಟರ್ಬೈನ್‌ಗಳಿಂದ ದೊರೆತ ಅನುಭವವನ್ನು ಗ್ಯಾರೆಟ್ ಅವರು ನೆಲದ ಮೇಲಿನ ವಾಹನಗಳಿಗೂ ಅನ್ವಯಿಸಿದರು. ಎಂಜಿನ್ ಹೊರಬಿಡುವ ಹೊಗೆಯ ರಭಸದಿಂದ ತಿರುಗಿ, ಎಂಜಿನ್‌ಗೆ ಹೆಚ್ಚು ಗಾಳಿಯನ್ನು ಒತ್ತಿ ಕಳುಹಿಸುವ ಸಾಧನವೇ ಟರ್ಬೋಚಾರ್ಜರ್. 1950ರ ದಶಕದ ಮೊದಲ ಭಾಗದಲ್ಲಿ ಕ್ಯಾಟರ್‌ಪಿಲ್ಲರ್ ಸಂಸ್ಥೆಯ ಡಿ9 ಟ್ರ್ಯಾಕ್ಟರಿಗೆ ಟರ್ಬೋಚಾರ್ಜರ್ ಒದಗಿಸುವ ಅವಕಾಶ ಒದಗಿತು. 1954ರಲ್ಲಿ ಗ್ಯಾರೆಟ್ ಅವರು ಈ ಕೆಲಸಕ್ಕೆಂದೇ ಪ್ರತ್ಯೇಕ ಕೈಗಾರಿಕಾ ವಿಭಾಗವನ್ನು ಆರಂಭಿಸಿದರು. 1962ರಲ್ಲಿ ಮಾರುಕಟ್ಟೆಗೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಟರ್ಬೋಚಾರ್ಜರ್ ಹೊಂದಿದ್ದ ಆರಂಭಿಕ ಪ್ರಯಾಣಿಕ ಕಾರುಗಳಲ್ಲಿ ಒಂದು. ಅದರ ಟರ್ಬೋಚಾರ್ಜರ್ ಗ್ಯಾರೆಟ್ ಸಂಸ್ಥೆಯದಾಗಿತ್ತು.

ಅಮೆರಿಕದ ಮೊದಲ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಮರ್ಕ್ಯುರಿಯಲ್ಲಿ ಗಗನಯಾತ್ರಿಯ ಉಸಿರಾಟ ಮತ್ತು ಉಷ್ಣತೆಯನ್ನು ಕಾಪಾಡುವ ಪರಿಸರ ನಿಯಂತ್ರಣ ವ್ಯವಸ್ಥೆಯನ್ನು ಏರ್‌ರಿಸರ್ಚ್ ರೂಪಿಸಿತು. ವಾತಾವರಣದ ಒತ್ತಡದ ಸುಮಾರು ಮೂರನೆಯ ಒಂದು ಭಾಗದಷ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಒದಗಿಸುವುದು, ಗಗನಯಾತ್ರಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಲಿಥಿಯಂ ಹೈಡ್ರಾಕ್ಸೈಡ್‌ನಿಂದ ಹೀರಿಸುವುದು ಮತ್ತು ನೀರನ್ನು ಆವಿಯಾಗಿಸಿ ಶಾಖವನ್ನು ಹೊರಹಾಕುವುದು ಅದರ ಕೆಲಸಗಳಾಗಿದ್ದವು. 1961ರಿಂದ 1963ರವರೆಗೆ ನಡೆದ ಆರು ಮಾನವಸಹಿತ ಮರ್ಕ್ಯುರಿ ಯಾನಗಳಲ್ಲಿ ಈ ವ್ಯವಸ್ಥೆ ಬಳಕೆಯಾಯಿತು. ಜೆಮಿನಿ ನೌಕೆಗಳಲ್ಲಿಯೂ, ಚಂದ್ರಯಾನದ ಅಪೋಲೊ ನಿಯಂತ್ರಣ ಘಟಕದಲ್ಲಿಯೂ ಇದೇ ಸಂಸ್ಥೆಯ ಪರಿಸರ ನಿಯಂತ್ರಣ ವ್ಯವಸ್ಥೆಗಳಿದ್ದವು.

ನಿಧನ ಮತ್ತು ಸಂಸ್ಥೆಯ ಮುಂದಿನ ಹಾದಿ

ಕ್ಲಿಫ್ ಗ್ಯಾರೆಟ್ ಅವರು 1963ರ ಜೂನ್ ತಿಂಗಳಿನಲ್ಲಿ ನಿಧನರಾದರು. ಬೋಯಿಂಗ್ 727ರ ಮೊದಲ ಹಾರಾಟ ನಡೆದು ಆಗ ನಾಲ್ಕು ತಿಂಗಳು ಕಳೆದಿದ್ದವು. ಮರ್ಕ್ಯುರಿ ಯೋಜನೆಯ ಕೊನೆಯ ಹಾಗೂ ಅತಿ ದೀರ್ಘ ಯಾನ ಹಿಂದಿನ ತಿಂಗಳಷ್ಟೇ ಮುಗಿದಿತ್ತು. 727 ವಿಮಾನವು ಪ್ರಯಾಣಿಕರನ್ನು ಹೊತ್ತು ಸೇವೆ ಆರಂಭಿಸಿದ್ದು 1964ರ ಫೆಬ್ರುವರಿಯಲ್ಲಿ. ತಮ್ಮ ಸಂಸ್ಥೆಯ ಸಹಾಯಕ ಶಕ್ತಿ ಘಟಕವು ಸಣ್ಣ ಊರುಗಳ ನಿಲ್ದಾಣಗಳಲ್ಲಿ ಜನಸಾಮಾನ್ಯರ ಪ್ರಯಾಣವನ್ನು ಸುಲಭಗೊಳಿಸಿದುದನ್ನು ಕಾಣುವ ಅವಕಾಶ ಅವರಿಗೆ ದೊರೆಯಲಿಲ್ಲ.

ಸ್ಥಾಪಕರ ಮರಣದ ಬಳಿಕ ಸಂಸ್ಥೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಹಳೆಯ ವೈಮಾನಿಕ ಸಂಸ್ಥೆಯಾದ ಕರ್ಟಿಸ್-ರೈಟ್, ಗ್ಯಾರೆಟ್ ಕಾರ್ಪೊರೇಷನ್‌ನ ಷೇರುಗಳನ್ನು ನೇರವಾಗಿ ಷೇರುದಾರರಿಂದ ಖರೀದಿಸಿ ಅದನ್ನು ವಶಪಡಿಸಿಕೊಳ್ಳಲು ಯತ್ನಿಸಿತು. ಗ್ಯಾರೆಟ್ ಸಂಸ್ಥೆಯ ಆಡಳಿತವು ಇದನ್ನು ವಿರೋಧಿಸಿ, ಸಿಗ್ನಲ್ ಆಯಿಲ್ ಅಂಡ್ ಗ್ಯಾಸ್ ಎಂಬ ತೈಲ ಸಂಸ್ಥೆಯೊಂದಿಗೆ ವಿಲೀನವಾಗುವ ಮಾರ್ಗವನ್ನು ಆರಿಸಿಕೊಂಡಿತು. 1964ರ ಆರಂಭದಲ್ಲಿ ಈ ವಿಲೀನ ನಡೆಯಿತು. ಹೊಸ ಒಡೆತನದಲ್ಲಿಯೂ ಗ್ಯಾರೆಟ್ ಹೆಸರು ಮತ್ತು ಅದರ ಎಂಜಿನಿಯರಿಂಗ್ ಕೆಲಸ ಮುಂದುವರಿದವು. 1985ರಲ್ಲಿ ಸಿಗ್ನಲ್ ಸಂಸ್ಥೆಯು ಅಲೈಡ್ ಸಂಸ್ಥೆಯೊಂದಿಗೆ ಸೇರಿ ಅಲೈಡ್‌ಸಿಗ್ನಲ್ ರೂಪುಗೊಂಡಿತು. 1999ರಲ್ಲಿ ಅಲೈಡ್‌ಸಿಗ್ನಲ್ ಮತ್ತು ಹನಿವೆಲ್ ಒಂದಾಗಿ, ಹನಿವೆಲ್ ಎಂಬ ಹೆಸರನ್ನು ಉಳಿಸಿಕೊಂಡವು. 2018ರಲ್ಲಿ ಟರ್ಬೋಚಾರ್ಜರ್ ವಿಭಾಗ ಹನಿವೆಲ್‌ನಿಂದ ಬೇರ್ಪಟ್ಟು ಗ್ಯಾರೆಟ್ ಮೋಷನ್ ಎಂಬ ಸ್ವತಂತ್ರ ಸಂಸ್ಥೆಯಾಯಿತು. ಹೀಗೆ ಸ್ಥಾಪಕರ ಹೆಸರು ಪುನಃ ಸಂಸ್ಥೆಯೊಂದರ ಹೆಸರಾಯಿತು.

ಭಾರತದೊಂದಿಗೆ ನಂಟು

ಇಂಡಿಯನ್ ಏರ್‌ಲೈನ್ಸ್ 1970ರ ದಶಕದ ಆರಂಭದಲ್ಲಿ ಬೋಯಿಂಗ್ 737-200 ವಿಮಾನಗಳನ್ನು ಸೇವೆಗೆ ಇಳಿಸಿತು. ಈ ಮಾದರಿಯ ವಿಮಾನಗಳ ಬಾಲದಲ್ಲಿ ಗ್ಯಾರೆಟ್ 85 ಸರಣಿಯ ಸಹಾಯಕ ಶಕ್ತಿ ಘಟಕ ಇರುತ್ತಿತ್ತು. ಬೆಂಗಳೂರು ಸೇರಿದಂತೆ ದೇಶದ ಅನೇಕ ನಗರಗಳ ನಡುವೆ ಹಾರಿದ ಈ ವಿಮಾನಗಳ ಮೂಲಕ, ಗ್ಯಾರೆಟ್ ಅವರ ಹೆಸರನ್ನು ಕೇಳದವರೂ ಅವರ ಸಂಸ್ಥೆಯ ಯಂತ್ರದ ಪ್ರಯೋಜನ ಪಡೆದರು.

ಸಣ್ಣ ಟರ್ಬೈನ್‌ಗಳ ಅನುಭವದಿಂದಲೇ ಬೆಳೆದ ಟಿಪಿಇ331 ಎಂಬ ಟರ್ಬೊಪ್ರಾಪ್ ಎಂಜಿನ್ ಭಾರತದಲ್ಲಿ ಹೆಚ್ಚು ಪರಿಚಿತ. ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಸಂಸ್ಥೆಯು ಕಾನ್ಪುರದಲ್ಲಿ ತಯಾರಿಸುವ ಡಾರ್ನಿಯರ್ 228 ವಿಮಾನಗಳಿಗೆ ಈ ಎಂಜಿನ್ ಅಳವಡಿಸಲಾಗುತ್ತದೆ. ಈ ಎಂಜಿನ್‌ಗೆ ಸಂಬಂಧಿಸಿದ ಕೆಲಸ ಬೆಂಗಳೂರಿನಲ್ಲಿರುವ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ನಡೆದಿದೆ. ಕರಾವಳಿ ರಕ್ಷಣಾ ಪಡೆ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಈ ವಿಮಾನಗಳು ಬಳಕೆಯಲ್ಲಿವೆ.

ಪರಂಪರೆ

ಗ್ಯಾರೆಟ್ ಅವರು ಆರಂಭಿಸಿದ ಕೆಲಸದ ಮುಂದುವರಿಕೆಯನ್ನು ಇಂದಿನ ವಿಮಾನಗಳಲ್ಲಿ ಕಾಣಬಹುದು. ಬೋಯಿಂಗ್ 737ರ ನಂತರದ ಪೀಳಿಗೆಗಳಲ್ಲಿ ಮತ್ತು ಏರ್‌ಬಸ್ ಎ320 ಬಳಗದ ಅನೇಕ ವಿಮಾನಗಳಲ್ಲಿರುವ 131-9 ಸರಣಿಯ ಸಹಾಯಕ ಶಕ್ತಿ ಘಟಕವು ಫೀನಿಕ್ಸ್ ಪರಂಪರೆಗೆ ಸೇರಿದ್ದು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ, ಟರ್ಬೈನ್ ಯಂತ್ರಗಳ ಕ್ಷೇತ್ರದ ಸಾಧಕರಿಗೆ ಕ್ಲಿಫ್ ಗ್ಯಾರೆಟ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತಾ ಬಂದಿದೆ.

ಗಾಳಿಯ ಹಂಚಿಕೆಯ ಸಮಸ್ಯೆಗೆ ಬೇರೊಂದು ಉತ್ತರವನ್ನು ಕಂಡುಕೊಂಡ ವಿಮಾನವೂ ಬಂದಿದೆ. 2009ರಲ್ಲಿ ಮೊದಲ ಬಾರಿ ಹಾರಿದ, 2012ರಿಂದ ಏರ್ ಇಂಡಿಯಾ ಬಳಸುತ್ತಿರುವ ಬೋಯಿಂಗ್ 787ರಲ್ಲಿ ಎಂಜಿನ್‌ಗಳನ್ನು ವಿದ್ಯುತ್ತಿನಿಂದ ಚಾಲನೆಗೊಳಿಸಲಾಗುತ್ತದೆ. ಕೋಣೆಯ ಗಾಳಿಯನ್ನೂ ವಿದ್ಯುತ್ ಚಾಲಿತ ಸಂಪೀಡಕಗಳು ಒದಗಿಸುತ್ತವೆ. ಆದರೂ ಸಹಾಯಕ ಶಕ್ತಿ ಘಟಕವು ಅಲ್ಲಿಯೂ ಉಳಿದಿದೆ. ಅದು ಗಾಳಿಯ ಬದಲು ವಿದ್ಯುತ್ತನ್ನು ನೀಡುತ್ತದೆ. ಇತರ ಬಹುಪಾಲು ವಿಮಾನಗಳಲ್ಲಿ ಒಂದೇ ಗಾಳಿಯನ್ನು ಎಂಜಿನ್‌ಗೂ ಪ್ರಯಾಣಿಕರಿಗೂ ಸರದಿಯಂತೆ ಹಂಚುವ ಕ್ರಮ ಇಂದಿಗೂ ನಡೆದುಬಂದಿದೆ.